ಅಂಗಡಿ ಕ್ಯಾಲ್ಕುಲೇಟರ್ ತಪ್ಪು ಲೆಕ್ಕ ತೋರಿಸಿದರೆ ಎಲ್ಲಿಂದ ಹುಡುಕಬೇಕು

ಒಂದೇ ಲೆಕ್ಕ. ಮೇಜಿನ ಮೇಲಿನ ಕ್ಯಾಲ್ಕುಲೇಟರ್‌ನಲ್ಲಿ ಒಂದು ಉತ್ತರ, ಫೋನಿನಲ್ಲಿ ಇನ್ನೊಂದು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಅಂಗಡಿಗಳಲ್ಲಿ ಈ ತಕರಾರು ಹೊಸದಲ್ಲ. ಅಡಿಕೆ ತಂದವರು ಫೋನ್ ತೆಗೆದು ಒತ್ತಿ ನೋಡುತ್ತಾರೆ, ಅಂಗಡಿಯವರು ತಮ್ಮದರಲ್ಲಿ ಒತ್ತಿ ತೋರಿಸುತ್ತಾರೆ, ಇಬ್ಬರೂ ಒತ್ತಿದ್ದು ಅದೇ ಬಟನ್‌ಗಳು, ಅದೇ ಕ್ರಮದಲ್ಲಿ, ಆದರೂ ಉತ್ತರ ಬೇರೆ. ಕೊನೆಗೆ "ಇದು ಹಾಳಾಗಿದೆ ಮಾರಾಯ್ರೇ, ಬೇರೆ ತನ್ನಿ" ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಹೆಚ್ಚಿನ ಸಲ ಅದು ಹಾಳಾಗಿರುವುದಿಲ್ಲ. ಹೊಸದು ತಂದರೂ ಅದೇ ಉತ್ತರ ಬರುತ್ತದೆ.

ಅದಕ್ಕೇ ದುಡ್ಡು ಕೊಟ್ಟು ಹೊಸದು ತರುವ ಮೊದಲು ಕೆಳಗಿನದನ್ನು ಒಮ್ಮೆ ಮಾಡಿ ನೋಡಿ. ಹೆಚ್ಚು ಸಿಗುವ ಕಾರಣವನ್ನು ಮೊದಲು ಬರೆದಿದ್ದೇನೆ, ಅಪರೂಪದ್ದನ್ನು ಕೊನೆಗೆ. ಎಲ್ಲ ಪರೀಕ್ಷೆಗೂ ಮೊದಲು ಎಸಿ ಬಟನ್ ಒತ್ತಿ ಸ್ಕ್ರೀನ್ ಸೊನ್ನೆಗೆ ತನ್ನಿ.

ಮೊದಲ ಪರೀಕ್ಷೆ: ಇಂಟು ಒತ್ತಿದ ಕ್ಷಣ ಸ್ಕ್ರೀನ್ ನೋಡಿ

2 + 3 ಒತ್ತಿ. ಈಗ × ಒತ್ತಿ, ಅಲ್ಲಿಗೇ ನಿಲ್ಲಿ. ಈಕ್ವಲ್ ಒತ್ತಬೇಡಿ, ಮುಂದಿನ ಸಂಖ್ಯೆಯೂ ಬೇಡ. ಸ್ಕ್ರೀನಿನಲ್ಲಿ ಎಷ್ಟಿದೆ?

5 ಅಂತ ಇದ್ದರೆ ನಿಮ್ಮ ಯಂತ್ರ ಒತ್ತಿದ ಹಾಗೇ ಲೆಕ್ಕ ಮುಗಿಸುತ್ತಾ ಹೋಗುವ ಜಾತಿಯದ್ದು. ಇನ್ನೂ 3 ಅಂತಲೇ ಇದ್ದರೆ, ಅಥವಾ 2 + 3 × ಅಂತ ಪೂರ್ತಿ ಸಾಲು ಕಾಣುತ್ತಿದ್ದರೆ, ಅದು ಗುಣಾಕಾರವನ್ನು ಮೊದಲು ಮಾಡಲು ಕಾಯುವ ಜಾತಿಯದ್ದು. ಈಗ 4 = ಒತ್ತಿ. ಮೊದಲ ಜಾತಿಯಲ್ಲಿ 20 ಬರುತ್ತದೆ, ಎರಡನೆಯದರಲ್ಲಿ 14.

ಇದರಲ್ಲಿ ಯಾವುದೂ ಕೆಟ್ಟಿಲ್ಲ. ಕ್ಯಾಸಿಯೊ ಇರಲಿ ಸಿಟಿಜನ್ ಇರಲಿ, ಅಂಗಡಿಯಲ್ಲಿ ಇಡುವ 12 ಅಂಕಿಯ ಸಾಧಾರಣ ಕ್ಯಾಲ್ಕುಲೇಟರ್ 20 ಅನ್ನುತ್ತದೆ. ಮಕ್ಕಳ ಸೈಂಟಿಫಿಕ್ ಕ್ಯಾಲ್ಕುಲೇಟರ್ 14 ಅನ್ನುತ್ತದೆ. ಆಂಡ್ರಾಯ್ಡ್ ಫೋನಿನ ಗೂಗಲ್ ಕ್ಯಾಲ್ಕುಲೇಟರ್ ಮತ್ತು ಐಫೋನಿನದ್ದೂ 14. ವಿಂಡೋಸ್ ಕಂಪ್ಯೂಟರ್‌ನಲ್ಲಿರುವ ಕ್ಯಾಲ್ಕುಲೇಟರ್ ಒಂದೇ ಆ್ಯಪ್ ಆದರೂ ಎರಡು ಥರ: ಸ್ಟ್ಯಾಂಡರ್ಡ್ ಮೋಡ್‌ನಲ್ಲಿ 20, ಸೈಂಟಿಫಿಕ್ ಮೋಡ್‌ಗೆ ಬದಲಿಸಿದರೆ 14. ಶಾಲೆಯಲ್ಲಿ ಕಲಿತ ಬಾಡ್ಮಾಸ್ (ಕೂಡುವ ಮೊದಲು ಗುಣಿಸಬೇಕು ಅನ್ನುವ ನಿಯಮ) ಪ್ರಕಾರ 14 ಸರಿ, ಅದರಲ್ಲಿ ಅನುಮಾನ ಬೇಡ. ಆದರೆ ಮೇಜಿನ ಯಂತ್ರಕ್ಕೆ ನೀವು 2 + 3 × 4 ಅಂತ ಒಂದು ಸಾಲು ಕೊಟ್ಟಿಲ್ಲ. ಎರಡಕ್ಕೆ ಮೂರು ಕೂಡು ಅಂದಿರಿ, ಅದು ಕೂಡಿತು. ಬಂದದ್ದನ್ನು ನಾಲ್ಕರಿಂದ ಗುಣಿಸು ಅಂದಿರಿ, ಗುಣಿಸಿತು. ಮುಂದೆ ಇಂಟು ಬರುತ್ತದೆ ಅಂತ ಅದಕ್ಕೆ ಮೊದಲೇ ಗೊತ್ತಾಗುವ ದಾರಿ ಇಲ್ಲ.

ಒಳಗೆ ನಡೆಯುವುದು ಸರಳ. ಯಂತ್ರ ಮೂರೇ ವಿಷಯ ನೆನಪಿಟ್ಟುಕೊಳ್ಳುತ್ತದೆ: ಇಲ್ಲಿಯವರೆಗಿನ ಉತ್ತರ, ಬಾಕಿ ಇರುವ ಒಂದು ಚಿಹ್ನೆ, ಈಗ ಒತ್ತುತ್ತಿರುವ ಸಂಖ್ಯೆ. ಹೊಸ ಚಿಹ್ನೆ ಒತ್ತಿದಾಗ ಮೊದಲು ಬಾಕಿ ಇದ್ದ ಚಿಹ್ನೆಯ ಕೆಲಸ ಮುಗಿಸುತ್ತದೆ, ಉತ್ತರವನ್ನು ಸ್ಕ್ರೀನಿಗೆ ತರುತ್ತದೆ, ಹೊಸ ಚಿಹ್ನೆಯನ್ನು ಬಾಕಿ ಇಡುತ್ತದೆ. ಅಷ್ಟೇ. ಗುಣಾಕಾರಕ್ಕೆ ಮೊದಲ ಸ್ಥಾನ ಕೊಡಬೇಕಾದರೆ ಪ್ಲಸ್ಸನ್ನೂ ಅದರ ಹಿಂದಿನ ಸಂಖ್ಯೆಯನ್ನೂ ಬದಿಗಿಟ್ಟು ಕಾಯಬೇಕು, ಅದಕ್ಕೆ ಒಳಗೆ ಜಾಸ್ತಿ ಜಾಗ ಬೇಕು. ಹಿಂದೆ ಆ ಜಾಗಕ್ಕೆ ದುಡ್ಡು ಜಾಸ್ತಿ. 1971ರಲ್ಲಿ ಬಂದ ಇಂಟೆಲ್‌ನ 4004 ಚಿಪ್ಪನ್ನು ಮೂಲತಃ ಮಾಡಿದ್ದೇ ಬ್ಯುಸಿಕಾಂ ಅನ್ನುವ ಜಪಾನಿ ಕಂಪನಿಯ ಮೇಜಿನ ಕ್ಯಾಲ್ಕುಲೇಟರ್‌ಗೆ, ಅಂದರೆ ಆ ಕಾಲಕ್ಕೆ ಕೂಡಿ ಕಳೆಯುವ ಯಂತ್ರವೇ ದೊಡ್ಡ ಸಾಹಸವಾಗಿತ್ತು. ಮರುವರ್ಷ ಬಂದ ಎಚ್‌ಪಿ-35ರಲ್ಲಿ ಈಕ್ವಲ್ ಬಟನ್ನೇ ಇರಲಿಲ್ಲ. ಸಂಖ್ಯೆಗಳನ್ನು ಮೊದಲು ಕೊಟ್ಟು ಚಿಹ್ನೆಯನ್ನು ಕೊನೆಗೆ ಒತ್ತಬೇಕಿತ್ತು, ಹಾಗಾಗಿ ಯಾವುದು ಮೊದಲು ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಈಗ ಚಿಪ್ ಅಗ್ಗ. ಆದರೂ ಅಂಗಡಿ ಯಂತ್ರ ಹಳೆಯ ರೀತಿಯಲ್ಲೇ ಉಳಿದಿದೆ, ಏಕೆಂದರೆ ವ್ಯಾಪಾರದ ಕೈಗೆ ಅದೇ ರೂಢಿ, ಮತ್ತು ಆ ರೀತಿಯಿಂದ ನಿಜವಾದ ಉಪಯೋಗವೂ ಇದೆ.

ಉಪಯೋಗ ಹೇಗೆ ಅಂದರೆ ನೋಡಿ. ಒಂದು ಗೋಣಿ ಅಡಿಕೆ ತೂಕಕ್ಕೆ ಇಟ್ಟಾಗ 62 ಕಿಲೋ. ಗೋಣಿಯ ತೂಕ 1 ಕಿಲೋ ಕಳೆಯಬೇಕು. ಕಿಲೋಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಅಂಗಡಿಯವರು 62 − 1 × 400 = ಒತ್ತುತ್ತಾರೆ, 24,400 ಬರುತ್ತದೆ, ಸರಿಯಾದ ಉತ್ತರ. ಇದನ್ನೇ ಫೋನಿನಲ್ಲಿ ಒತ್ತಿದರೆ ಮೈನಸ್ 338. ಫೋನ್ 1 × 400 ಅನ್ನು ಮೊದಲು ಮಾಡಿ 62ರಿಂದ ಕಳೆಯಿತು. ಇಲ್ಲಿ ಫೋನ್ ನಂಬಿದವರಿಗೆ ತೊಂದರೆ.

ಅದೇ ಗಿರಾಕಿ ಎರಡು ಥರದ ಅಡಿಕೆ ತಂದಿದ್ದರೆ ಕಥೆ ತಿರುಗುತ್ತದೆ. ಹಳೆ ಅಡಿಕೆ 45 ಕಿಲೋ 400ರ ಹಾಗೆ, ಪಟೋರ ಅನ್ನುವ ಕಡಿಮೆ ದರ್ಜೆಯದ್ದು 30 ಕಿಲೋ 350ರ ಹಾಗೆ. 45 × 400 + 30 × 350 = ಅಂತ ಒಂದೇ ಉಸಿರಿಗೆ ಒತ್ತಿದರೆ ಫೋನಿನಲ್ಲಿ 28,500. ಮೇಜಿನ ಯಂತ್ರದಲ್ಲಿ 63,10,500. ಎರಡನೇ × ಒತ್ತಿದಾಗಲೇ ಸ್ಕ್ರೀನಿನಲ್ಲಿ 18,030 ಅಂತ ಬಂದಿರುತ್ತದೆ, ಅಂದರೆ ರೂಪಾಯಿಗೆ ಕಿಲೋ ಕೂಡಿಸಿ ಆಗಿದೆ. ಅಲ್ಲೇ ಹಿಡಿಯಬಹುದು. ಆದರೆ ನಮ್ಮ ಕಣ್ಣು ಚೀಟಿ ಮೇಲೆ ಇರುತ್ತದೆ, ಸ್ಕ್ರೀನ್ ನೋಡುವುದು ಕೊನೆಗೆ.

63 ಲಕ್ಷ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ನನಗೆ ಹೆದರಿಕೆ ಇರುವುದು ನಂಬುವ ಹಾಗಿರುವ ತಪ್ಪು ಉತ್ತರಗಳ ಬಗ್ಗೆ. ತೋಟದ ಕೆಲಸಕ್ಕೆ 3 ಜನ ಪೂರ್ತಿ ದಿನ, 2 ಜನ ಅರ್ಧ ದಿನ ಬಂದಿದ್ದಾರೆ. 3 + 2 × 0.5 ಒತ್ತಿದರೆ ಮೇಜಿನ ಯಂತ್ರ 2.5 ಅನ್ನುತ್ತದೆ. ನಿಜವಾದ ಲೆಕ್ಕ 4 ಆಳು. 2.5 ಅನ್ನುವ ಸಂಖ್ಯೆ ನೋಡಿದರೆ ತಪ್ಪು ಅನಿಸುವುದಿಲ್ಲ, ಅರ್ಧ ದಿನದವರು ಇದ್ದರಲ್ಲಾ, ಹಾಗೇ ಇರಬೇಕು ಅಂತ ಮುಂದೆ ಹೋಗುತ್ತೇವೆ. ಒಂದೂವರೆ ಆಳಿನ ಸಂಬಳ ಯಾರಿಗೂ ಗೊತ್ತಾಗದ ಹಾಗೆ ಹೋಯಿತು. ದುಡಿದವರ ಕೈಯಿಂದ ಹೋಗುವ ದುಡ್ಡು ಅದು. ಇಂಥ ಲೆಕ್ಕವನ್ನು ಒಮ್ಮೆ ಬಾಯಿಲೆಕ್ಕ ಹಾಕಿ ನೋಡುವುದಕ್ಕೆ ಬೇಜಾರು ಮಾಡಬಾರದು.

ಪರಿಹಾರ: ಎಂ+ ಬಟನ್

ಗುಣಿಸಿ ಗುಣಿಸಿ ಕೂಡಿಸುವ ಲೆಕ್ಕ ಇದ್ದರೆ ಮೇಜಿನ ಯಂತ್ರದಲ್ಲಿ ಪ್ಲಸ್ ಒತ್ತಲೇಬೇಡಿ. ಹೀಗೆ ಮಾಡಿ: 45 × 400 ಒತ್ತಿ, ಈಕ್ವಲ್ ಬದಲು ಎಂ+ ಒತ್ತಿ. ಸ್ಕ್ರೀನಿನಲ್ಲಿ 18,000 ಕಾಣುತ್ತದೆ, ಅದರ ಜೊತೆಗೇ ಅದು ನೆನಪಿಗೂ ಹೋಗುತ್ತದೆ. 30 × 350 ಎಂ+ ಒತ್ತಿ, 10,500 ಕಾಣುತ್ತದೆ. ಕೊನೆಗೆ ಎಂಆರ್ ಅಥವಾ ಎಂಆರ್‌ಸಿ ಒಂದು ಸಲ ಒತ್ತಿದರೆ 28,500. ಏನಾದರೂ ಕಳೆಯುವುದಿದ್ದರೆ, ಉದಾಹರಣೆಗೆ 4 ಗೋಣಿಗೆ 30ರ ಹಾಗೆ ಮಜೂರಿ, 4 × 30 ಎಂ− ಒತ್ತಿ. ಆಮೇಲೆ ಎಂಆರ್ ಒತ್ತಿದರೆ 28,380.

ಎಂ+ ಬಟನ್ ಈಕ್ವಲ್ ಕೆಲಸವನ್ನೂ ತಾನೇ ಮಾಡುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಾದ ಮೇಲೆ ಕೈಗೆ ಇದಕ್ಕಿಂತ ಹಗುರವಾದ ದಾರಿ ಇಲ್ಲ.

ಆದರೆ ಇದರಿಂದಲೇ ಹುಟ್ಟುವ ಎರಡು ದೋಷಗಳಿವೆ. ಒಂದು, ಹಿಂದಿನ ಗಿರಾಕಿಯ ಲೆಕ್ಕ ನೆನಪಿನಲ್ಲೇ ಉಳಿದಿರುವುದು. ಸ್ಕ್ರೀನಿನ ಅಂಚಿನಲ್ಲಿ ಸಣ್ಣದಾಗಿ ಇಂಗ್ಲಿಷಿನ ಎಂ ಅಕ್ಷರ ಕಾಣುತ್ತಿದ್ದರೆ ಒಳಗೆ ಏನೋ ಇದೆ ಅಂತ ಅರ್ಥ. ಕ್ಯಾಸಿಯೊ ಯಂತ್ರಗಳಲ್ಲಿ ಎಸಿ ಒತ್ತಿದರೆ ಸ್ಕ್ರೀನ್ ಸೊನ್ನೆಯಾಗುತ್ತದೆ, ನೆನಪು ಹಾಗೇ ಇರುತ್ತದೆ. ಎಂಸಿ ಒತ್ತಬೇಕು. ಎಂಆರ್‌ಸಿ ಅನ್ನುವ ಒಂದೇ ಬಟನ್ ಇದ್ದರೆ ಎರಡು ಸಲ ಒತ್ತಬೇಕು: ಮೊದಲ ಸಲ ತೋರಿಸುತ್ತದೆ, ಎರಡನೇ ಸಲ ಅಳಿಸುತ್ತದೆ. ಯಂತ್ರ ತಾನಾಗಿ ಆಫ್ ಆದರೂ ನೆನಪು ಹೋಗುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಬೆಳಿಗ್ಗೆ ಅಂಗಡಿ ತೆರೆದು ಮೊದಲ ಲೆಕ್ಕದಲ್ಲೇ ದೊಡ್ಡ ಮೊತ್ತ ಬಂದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಎರಡನೆಯದು, ಸ್ಕ್ರೀನಿನಲ್ಲಿ 18,000 ಇರುವಾಗಲೇ ಎಂ+ ಇನ್ನೊಂದು ಸಲ ಒತ್ತಿಬಿಡುವುದು. ಅದು ಮತ್ತೆ 18,000 ಕೂಡಿಸುತ್ತದೆ.

ಮೊತ್ತ ಸರಿಯಾಗಿ ಎರಡು ಪಟ್ಟು ಬಂದರೆ

ಇದು ಜಿಟಿ ಬಟನ್ನಿನ ಕೆಲಸ, ನೋಡಿದ ಕೂಡಲೇ ಹೇಳಬಹುದು. ಜಿಟಿ ಅಂದರೆ ನೀವು ಈಕ್ವಲ್ ಒತ್ತಿದಾಗಲೆಲ್ಲ ಬಂದ ಉತ್ತರಗಳ ಒಟ್ಟು. 45 × 400 = ಒತ್ತಿ, 30 × 350 = ಒತ್ತಿ, ಆಮೇಲೆ ಜಿಟಿ ಒತ್ತಿದರೆ 28,500. ಸರಿಯಾಗಿದೆ. ಆದರೆ ನಡುವೆ ಯಾರೋ ಖಾತ್ರಿ ಮಾಡಿಕೊಳ್ಳಲು 18000 + 10500 = ಅಂತ ಒತ್ತಿದರೆ ಆ 28,500 ಕೂಡ ಒಳಗೆ ಸೇರಿತು. ಈಗ ಜಿಟಿ 57,000 ಅನ್ನುತ್ತದೆ. ಹಾಗಾಗಿ ಜಿಟಿ ಬಳಸುವವರು ಲೆಕ್ಕದ ಮಧ್ಯೆ ಬೇರೆ ಯಾವ ಕಾರಣಕ್ಕೂ ಈಕ್ವಲ್ ಒತ್ತಬಾರದು. ಪಕ್ಕದಲ್ಲಿ ಒಬ್ಬರು ಬಂದು "ಅಣ್ಣಾ, ಇದೊಂದು ಸುಮ್ನೆ ಒತ್ತಿ ಹೇಳಿ" ಅಂದರೂ ಅಷ್ಟೇ. ನನ್ನ ಅಭಿಪ್ರಾಯದಲ್ಲಿ ಗಿರಾಕಿ ಎದುರು ಕೂತಿರುವ ಅಂಗಡಿಗೆ ಜಿಟಿಗಿಂತ ಎಂ+ ಒಳ್ಳೆಯದು, ಏಕೆಂದರೆ ಅಲ್ಲಿ ಸೇರಬೇಕಾದ್ದನ್ನು ನೀವೇ ಆರಿಸಿ ಸೇರಿಸುತ್ತೀರಿ.

ಚಿಹ್ನೆ ತಪ್ಪಿ ಒತ್ತಿದಾಗ ಏನಾಗುತ್ತದೆ

12 + ಒತ್ತಿದ ಮೇಲೆ ಇಂಟು ಬೇಕಿತ್ತು ಅಂತ ನೆನಪಾದರೆ ಎಸಿ ಒತ್ತುವ ಅಗತ್ಯ ಇಲ್ಲ. ಸೀದಾ × ಒತ್ತಿ, 3 = ಒತ್ತಿ, 36 ಬರುತ್ತದೆ. ನಡುವೆ ಸಂಖ್ಯೆ ಇಲ್ಲದಿದ್ದರೆ ಕೊನೆಗೆ ಒತ್ತಿದ ಚಿಹ್ನೆಯೇ ಲೆಕ್ಕ, ಹಿಂದಿನದು ಬಿದ್ದುಹೋಗುತ್ತದೆ. ಇದು ಒಳ್ಳೆಯ ಸೌಕರ್ಯ. ಇದೇ ಕಾರಣಕ್ಕೆ 12 × − 3 = ಒತ್ತಿದವರಿಗೆ 9 ಬರುತ್ತದೆ. ಮೈನಸ್ ಬಂದು ಇಂಟುವನ್ನು ಅಳಿಸಿತು, 12ರಿಂದ 3 ಕಳೆಯಿತು. ಆಂಡ್ರಾಯ್ಡ್ ಫೋನಿನ ಗೂಗಲ್ ಕ್ಯಾಲ್ಕುಲೇಟರ್‌ನಲ್ಲಿ ಇದೇ ಮೈನಸ್ 36 ಆಗುತ್ತದೆ. ಮೇಜಿನ ಯಂತ್ರದಲ್ಲಿ ಮೈನಸ್ ಸಂಖ್ಯೆ ಬೇಕಾದರೆ 12 × 3 ಒತ್ತಿ, +/− ಬಟನ್ ಒತ್ತಿ, ಆಮೇಲೆ ಈಕ್ವಲ್.

ಒಂದೇ ಚಿಹ್ನೆಯನ್ನು ಎರಡು ಸಲ ಒತ್ತಿದರೆ ಮಾತ್ರ ಕ್ಯಾಸಿಯೊದಲ್ಲಿ ವಿಷಯವೇ ಬೇರೆ. 400 × × ಅಂತ ಒತ್ತಿ ನೋಡಿ, ಸ್ಕ್ರೀನಿನಲ್ಲಿ ಇಂಗ್ಲಿಷಿನ ಕೆ ಅಕ್ಷರ ಬರುತ್ತದೆ. 400 ಅನ್ನುವ ದರ ಈಗ ಗಟ್ಟಿಯಾಗಿ ಕೂತಿತು. 45 = ಅಂದರೆ 18,000. ಮತ್ತೆ ಇಂಟು ಇಲ್ಲದೆ 30 = ಅಂದರೆ 12,000. 62 = ಅಂದರೆ 24,800. ಒಂದೇ ದರದಲ್ಲಿ ಹತ್ತಾರು ಗೋಣಿ ಲೆಕ್ಕ ಹಾಕುವವರಿಗೆ ಇದು ತುಂಬಾ ಅನುಕೂಲ. ಗೊತ್ತಿಲ್ಲದೆ ಒತ್ತಿದವರಿಗೆ ಮಾತ್ರ ಗೋಜಲು: ಸುಮ್ನೆ ಒಂದು ಸಂಖ್ಯೆ ಒತ್ತಿ ಈಕ್ವಲ್ ಅಂದರೂ ಏನೋ ದೊಡ್ಡ ಉತ್ತರ ಬರುತ್ತದೆ. ಕೆ ಕಾಣುತ್ತಿದ್ದರೆ ಎಸಿ ಒತ್ತಿ, ಅಲ್ಲಿಗೆ ಮುಗಿಯಿತು.

ಸಿಟಿಜನ್ ಥರದ ಯಂತ್ರಗಳಲ್ಲಿ ಚಿಹ್ನೆಯನ್ನು ಎರಡು ಸಲ ಒತ್ತುವ ಅಗತ್ಯವೂ ಇಲ್ಲ. 5 + 3 = ಒತ್ತಿ 8 ಬಂದ ಮೇಲೆ ಮತ್ತೆ = ಒತ್ತಿದರೆ 11, ಮತ್ತೊಮ್ಮೆ ಒತ್ತಿದರೆ 14. ಕೈ ಗಡಿಬಿಡಿಯಲ್ಲಿ ಈಕ್ವಲ್ ಎರಡು ಸಲ ಬಿದ್ದರೆ ಉತ್ತರ ಕೆಡುತ್ತದೆ. "ಮೊದಲು ಸರಿ ಇತ್ತು, ಈಗ ನೋಡಿದರೆ ಬೇರೆ" ಅನ್ನುವ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಪರ್ಸೆಂಟ್ ಬಟನ್: ಇಲ್ಲಿ ಜಾಸ್ತಿ ಜಾಗ್ರತೆ ಬೇಕು

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವ ಬಟನ್ ಇದು. 1000 ರೂಪಾಯಿಗೆ 5 ಪರ್ಸೆಂಟ್ ಸೇರಿಸಬೇಕು ಅಂತ 1000 + 5 % ಒತ್ತಿ ನೋಡಿ, ಬೇಕಿದ್ದರೆ ಕೊನೆಗೆ ಈಕ್ವಲ್ ಕೂಡ. ಬೇರೆ ಬೇರೆ ಯಂತ್ರಗಳಲ್ಲಿ ಮೂರು ಥರದ ಉತ್ತರ ಸಿಗಬಹುದು.

1050 ಬಂದರೆ ನಿಮ್ಮ ಯಂತ್ರ ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನೇ ಮಾಡಿತು. 1052.63 ಬಂದರೆ ಅದು ಲಾಭದ ಲೆಕ್ಕ ಹಾಕಿತು: ಕೆಲವು ಕ್ಯಾಸಿಯೊ ಮಾದರಿಗಳಲ್ಲಿ ಹೀಗಿದೆ. 1000ಕ್ಕೆ ತಂದ ಮಾಲನ್ನು ಎಷ್ಟಕ್ಕೆ ಮಾರಿದರೆ ಮಾರಿದ ಬೆಲೆಯ 5 ಪರ್ಸೆಂಟ್ ಲಾಭ ಉಳಿಯುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಅದು, 1000 ಅನ್ನು 0.95ರಿಂದ ಭಾಗಿಸಿದ್ದು. ವ್ಯಾಪಾರಿಗೆ ಬೇಕಾಗುವ ಲೆಕ್ಕವೇ, ಆದರೆ ತೆರಿಗೆ ಸೇರಿಸಲು ಕೂತವರಿಗೆ ಬೇಡದ್ದು. 1000.05 ಬಂದರೆ ಆ ಯಂತ್ರ ಅಥವಾ ಆ್ಯಪ್ 5 % ಅನ್ನುವುದನ್ನು ಬರೀ 0.05 ಅಂತ ತಿಳಿದು ಕೂಡಿಸಿದೆ. ಈಚಿನ ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಲ್ಲಿ, ಹಳೆಯ ಕೆಲವು ಫೋನ್ ಆ್ಯಪ್‌ಗಳಲ್ಲಿ ಇದು ಸಿಗುತ್ತದೆ.

ಮೂರರಲ್ಲಿ ನಿಮ್ಮದು ಯಾವುದು ಅಂತ ಒಮ್ಮೆ ತಿಳಿದುಕೊಳ್ಳಿ. ಆದರೆ ನಿಜ ಹೇಳಬೇಕೆಂದರೆ ಪರ್ಸೆಂಟ್ ಬಟನ್ ಬಿಟ್ಟು ಗುಣಾಕಾರ ಬಳಸುವುದೇ ಒಳ್ಳೆಯದು. 5 ಸೇರಿಸಲು 1.05ರಿಂದ ಗುಣಿಸಿ, 18 ಸೇರಿಸಲು 1.18ರಿಂದ. 5 ಕಡಿಮೆ ಮಾಡಲು 0.95ರಿಂದ. ಯಾವ ಯಂತ್ರದಲ್ಲಿ ಒತ್ತಿದರೂ ಒಂದೇ ಉತ್ತರ. ತೆರಿಗೆ ಸೇರಿರುವ 1050ರಿಂದ ಮೂಲ ಬೆಲೆ ತೆಗೆಯಬೇಕಿದ್ದರೆ 1.05ರಿಂದ ಭಾಗಿಸಿ, 1000 ಬರುತ್ತದೆ. 1050ರಿಂದ 5 ಪರ್ಸೆಂಟ್ ಕಳೆದರೆ 997.50 ಬರುತ್ತದೆ, ಅದು ತಪ್ಪು. ಇದು ಯಂತ್ರದ ದೋಷವಲ್ಲ, ಆದರೂ ಬಿಲ್ ತಾಳೆಯಾಗದೆ ಜನ ಯಂತ್ರವನ್ನೇ ಬೈಯುತ್ತಾರೆ.

ಜಿಎಸ್‌ಟಿ ಅಂತ ಪ್ರತ್ಯೇಕ ಬಟನ್‌ಗಳಿರುವ ಕ್ಯಾಲ್ಕುಲೇಟರ್ ಇದ್ದರೆ ಇನ್ನೊಂದು ವಿಷಯ ನೋಡಬೇಕು. ಆ ಬಟನ್‌ಗಳಿಗೆ ದರ ಮೊದಲೇ ತುಂಬಿಸಿರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿವೆ, 12 ಮತ್ತು 28ರಲ್ಲಿದ್ದ ಬಹುಪಾಲು ವಸ್ತುಗಳು 5 ಅಥವಾ 18ಕ್ಕೆ ಬಂದಿವೆ. ಹಳೆಯ ಯಂತ್ರಕ್ಕೆ ಇದು ತಾನಾಗಿ ಗೊತ್ತಾಗುವುದಿಲ್ಲ. 100 ಒತ್ತಿ ಪ್ರತಿಯೊಂದು ಜಿಎಸ್‌ಟಿ ಬಟನ್ ಒತ್ತಿ ನೋಡಿ, ಯಾವುದು ಎಷ್ಟು ಸೇರಿಸುತ್ತದೆ ಅಂತ ಸ್ಕ್ರೀನೇ ಹೇಳುತ್ತದೆ. ಒಣ ಅಡಿಕೆಯ 5 ಹಾಗೇ ಇದೆ, ತೊಂದರೆ ಬರುವುದು ಬೇರೆ ಸಾಮಾನು ಮಾರುವವರಿಗೆ.

ಕೂಡಿದಾಗ ಮಾತ್ರ ನೂರರಲ್ಲಿ ಒಂದು ಪಾಲು ಬರುತ್ತಿದ್ದರೆ

385 + 410 = ಒತ್ತಿದರೆ 7.95 ಬಂತು. ಗುಣಾಕಾರ ಸರಿ ಇದೆ, ಕೂಡುವುದು ಕಳೆಯುವುದು ಮಾತ್ರ ಹೀಗೆ. ಇದನ್ನು ನೋಡಿದವರು ಯಂತ್ರಕ್ಕೆ ನೀರು ಹೋಗಿದೆ ಅಂತ ತೀರ್ಮಾನ ಮಾಡುತ್ತಾರೆ. ಸ್ಕ್ರೀನಿನ ಕೆಳಗಿರುವ ಜಾರಿಸುವ ಸ್ವಿಚ್ ನೋಡಿ. ಎಫ್, 4, 3, 2, 1, 0, ಎ ಅಂತ, ಅಥವಾ ಅದರಲ್ಲಿ ಕೆಲವು ಮಾತ್ರ ಬರೆದಿರುತ್ತದೆ. ಅದು ಎ ಹತ್ತಿರ ಹೋಗಿದೆ. ರೂಪಾಯಿ ಪೈಸೆ ಒತ್ತುವವರಿಗೆ ಚುಕ್ಕಿ ಒತ್ತುವ ಕೆಲಸ ಉಳಿಸಲು ಮಾಡಿದ ಜಾಗ ಅದು: ಕೊನೆಯ ಎರಡು ಅಂಕಿಯನ್ನು ಪೈಸೆ ಅಂತಲೇ ತಿಳಿಯುತ್ತದೆ. ಮೇಜು ಒರೆಸುವಾಗ ಬಟ್ಟೆ ತಾಗಿದರೂ ಸ್ವಿಚ್ ಜಾರುತ್ತದೆ. ಎಫ್‌ಗೆ ಅಥವಾ 2ಕ್ಕೆ ತಂದಿಡಿ.

ಅದರ ಪಕ್ಕದ ಸ್ವಿಚ್‌ನಲ್ಲಿ ಮೇಲೆ ಬಾಣ, 5/4, ಕೆಳಗೆ ಬಾಣ ಇರುತ್ತದೆ. ಬಿಲ್ಲಿನಲ್ಲಿ ಒಂದೆರಡು ಪೈಸೆ, ಕೆಲವು ಸಲ ಒಂದು ರೂಪಾಯಿ ವ್ಯತ್ಯಾಸ ಬರುತ್ತಿದ್ದರೆ ಅನುಮಾನ ಇದರ ಮೇಲೆ. ಮೊದಲ ಸ್ವಿಚ್ಚನ್ನು 2ಕ್ಕೆ ಇಟ್ಟು ಎರಡು ಭಾಗಾಕಾರ ಮಾಡಿ. 1 ÷ 3 ಮಾಡಿದಾಗ 0.34 ಬಂದರೆ ಸ್ವಿಚ್ ಯಾವಾಗಲೂ ಮೇಲಕ್ಕೆ ಏರಿಸುವ ಜಾಗದಲ್ಲಿದೆ. 2 ÷ 3 ಮಾಡಿದಾಗ 0.66 ಬಂದರೆ ಕತ್ತರಿಸುವ ಜಾಗದಲ್ಲಿದೆ. 0.33 ಮತ್ತು 0.67 ಬಂದರೆ 5/4ರಲ್ಲಿದೆ, ನಮಗೆ ಬೇಕಾದ್ದು ಅದು. ಮೊದಲ ಸ್ವಿಚ್ ಎಫ್‌ನಲ್ಲಿದ್ದರೆ ಈ ಎರಡನೆಯದು ಏನೂ ಮಾಡುವುದಿಲ್ಲ.

ಪೇಪರ್ ರೋಲ್ ಇರುವ ಯಂತ್ರಗಳು

ಕೆಲವು ಸೊಸೈಟಿಗಳಲ್ಲಿ, ಹಳೆಯ ಮಂಡಿಗಳಲ್ಲಿ ಚೀಟಿ ಅಚ್ಚಾಗುವ ಕ್ಯಾಲ್ಕುಲೇಟರ್ ಇನ್ನೂ ಇವೆ. ಅವುಗಳಲ್ಲಿ ಪ್ಲಸ್ ಮತ್ತು ಈಕ್ವಲ್ ಒಂದೇ ಬಟನ್ ಆಗಿರುತ್ತದೆ, += ಅಂತ ಬರೆದಿರುತ್ತದೆ. ಅಲ್ಲಿ ಚಿಹ್ನೆ ಸಂಖ್ಯೆಯ ನಂತರ ಬರಬೇಕು. 500ರಿಂದ 200 ಕಳೆಯಲು 500 +=, ಆಮೇಲೆ 200 −. 300 ಬರುತ್ತದೆ. ನಮ್ಮ ಅಭ್ಯಾಸದಂತೆ 500 − 200 += ಒತ್ತಿದರೆ 500 ಕಳೆದು 200 ಕೂಡಿ ಮೈನಸ್ 300 ಬರುತ್ತದೆ. ಅಂಕಿ ಸರಿ, ಗುರುತು ಉಲ್ಟಾ ಅಂತ ಕಂಡರೆ ಬಟನ್ ಮೇಲೆ += ಇದೆಯಾ ನೋಡಿ.

ಎಲ್ಲಿ ತಪ್ಪಿತು ಅಂತ ಹಿಂದೆ ಹೋಗಿ ನೋಡುವುದು

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಯಂತ್ರಗಳಲ್ಲಿ ಚೆಕ್ ಮತ್ತು ಕರೆಕ್ಟ್ ಅನ್ನುವ ಬಟನ್‌ಗಳಿವೆ. ತುಂಬಾ ಜನ ಇದನ್ನು ಮುಟ್ಟುವುದೇ ಇಲ್ಲ. ಮುಟ್ಟಬೇಕು. ನೀವು ಒತ್ತಿದ ನೂರಕ್ಕೂ ಜಾಸ್ತಿ ಹಂತಗಳನ್ನು ಯಂತ್ರ ನೆನಪಿಟ್ಟಿರುತ್ತದೆ. ಉತ್ತರ ಬಂದ ಮೇಲೆ ಎಸಿ ಒತ್ತದೆ ಚೆಕ್ ಒತ್ತುತ್ತಾ ಹೋದರೆ ಒಂದೊಂದೇ ಸಂಖ್ಯೆ, ಅದರ ಜೊತೆಗಿನ ಚಿಹ್ನೆ, ಹಂತದ ನಂಬರ್ ಎಲ್ಲ ಬರುತ್ತದೆ. ಗಿರಾಕಿಯ ಎದುರೇ ಇದನ್ನು ಮಾಡಬಹುದು. ಒಬ್ಬರು ಚೀಟಿ ಓದಲಿ, ಇನ್ನೊಬ್ಬರು ಚೆಕ್ ಒತ್ತಲಿ. ಮೂರನೇ ಹಂತದಲ್ಲಿ 30ರ ಮುಂದೆ ಪ್ಲಸ್ ಬದಲು ಮೈನಸ್ ಬಿದ್ದಿದ್ದರೆ ಅಲ್ಲೇ ಕಾಣುತ್ತದೆ, ಕರೆಕ್ಟ್ ಒತ್ತಿ ಸರಿಮಾಡಿ ಮತ್ತೆ ಕರೆಕ್ಟ್ ಒತ್ತಿದರೆ ಸಾಕು, ಇಡೀ ಲೆಕ್ಕ ಮೊದಲಿಂದ ಒತ್ತಬೇಕಿಲ್ಲ. ಲೆಕ್ಕದ ಬಗ್ಗೆ ಇಬ್ಬರ ನಡುವೆ ಮುನಿಸು ಬರುವ ಮೊದಲು ಈ ಎರಡು ನಿಮಿಷ ಕೊಡುವುದು ದೊಡ್ಡ ವಿಷಯವಲ್ಲ, ಅಲ್ವಾ?

ಒಂದು ಸಂಖ್ಯೆ ಮಾತ್ರ ತಪ್ಪಾಗಿ ಬಿದ್ದಿದೆ ಅಂತ ಒತ್ತುವಾಗಲೇ ಗೊತ್ತಾದರೆ ಸಿ ಅಥವಾ ಸಿಇ ಒಂದು ಸಲ ಒತ್ತಿ. ಕೊನೆಯ ಸಂಖ್ಯೆ ಮಾತ್ರ ಹೋಗುತ್ತದೆ, ಹಿಂದಿನ ಉತ್ತರವೂ ಚಿಹ್ನೆಯೂ ಉಳಿಯುತ್ತವೆ. ಸಿಇ/ಸಿ ಅಂತ ಒಟ್ಟಿಗೆ ಇರುವ ಬಟನ್ನನ್ನು ಎರಡು ಸಲ ಒತ್ತಿದರೆ ಎಲ್ಲ ಹೋಗುತ್ತದೆ. ಕೊನೆಯ ಒಂದು ಅಂಕಿ ಮಾತ್ರ ತೆಗೆಯಬೇಕಿದ್ದರೆ ಬಾಣದ ಬಟನ್ ಇದೆ.

ಇಷ್ಟಾದರೂ ಸರಿಯಾಗದಿದ್ದರೆ ಬಟನ್ ನೋಡಿ

ಈಗ ಮಾತ್ರ ಯಂತ್ರದ ದೋಷ ಹುಡುಕಬೇಕು. ಒಂದೊಂದು ಅಂಕಿಯನ್ನೂ ನಿಧಾನವಾಗಿ ಒಂದೊಂದು ಸಲ ಒತ್ತಿ. 5 ಒತ್ತಿದಾಗ 55 ಬಂದರೆ, ಅಥವಾ ಜೋರಾಗಿ ಒತ್ತಿದರೆ ಮಾತ್ರ ಬಂದರೆ, ಆ ಬಟನ್ ಹೋಗಿದೆ. ಬಟನ್ ಕೆಳಗೆ ರಬ್ಬರ್, ಅದರ ತುದಿಯಲ್ಲಿ ಕರಿ ಬಿಲ್ಲೆ. ಅದು ಬೋರ್ಡಿನ ಗೆರೆಗಳಿಗೆ ತಾಗಿದಾಗ ಯಂತ್ರಕ್ಕೆ ಸುದ್ದಿ ಮುಟ್ಟುತ್ತದೆ. ನಮ್ಮ ಕಡೆ ಮಳೆಗಾಲದ ಥಂಡಿ ಮತ್ತು ಅಡಿಕೆ ಧೂಳು ಎರಡೂ ಸೇರಿ ಅಲ್ಲಿ ಪೊರೆ ಕಟ್ಟುತ್ತದೆ.

ಅಂಕಿಯ ಬಟನ್ ಹೀಗಾದರೆ ಕಣ್ಣಿಗೆ ಕಾಣುತ್ತದೆ. ಚಿಹ್ನೆಯ ಬಟನ್ ಹೀಗಾದರೆ ಕಾಣುವುದಿಲ್ಲ, ಅದೇ ಕಷ್ಟ. ಒಂದು ಸಲ ಒತ್ತಿದ × ಒಳಗೆ ಎರಡು ಸಲ ಬಿದ್ದರೆ ಸಿಟಿಜನ್ ಥರದ್ದರಲ್ಲಿ ಏನೂ ಆಗುವುದಿಲ್ಲ, ಕ್ಯಾಸಿಯೊದಲ್ಲಿ ಕೆ ಬಂದುಬಿಡುತ್ತದೆ. ನೀವು ಒಂದೇ ಸಲ ಒತ್ತಿದರೂ ಆಗಾಗ ಕೆ ಕಾಣಿಸಿಕೊಳ್ಳುತ್ತಿದ್ದರೆ ಆ ಬಟನ್ನಿನ ಕೆಳಗೆ ಕೊಳೆ ಇದೆ ಅಂತ ಧೈರ್ಯವಾಗಿ ಹೇಳಬಹುದು. ಪ್ಲಸ್ ಬಟನ್ ಒಮ್ಮೊಮ್ಮೆ ತಾಗದೇ ಇದ್ದರೆ ಇನ್ನೊಂದು ಲಕ್ಷಣ: 385 ಒತ್ತಿ, ಪ್ಲಸ್ ಒತ್ತಿ, 410 ಒತ್ತಿದಾಗ 385410 ಅಂತ ಆರು ಅಂಕಿ ಸಾಲಾಗಿ ನಿಲ್ಲುತ್ತದೆ.

ಹಿಂದಿನ ಸ್ಕ್ರೂ ಬಿಚ್ಚಿ, ಬ್ಯಾಟರಿ ತೆಗೆದು, ರಬ್ಬರ್ ಹಾಳೆ ಎತ್ತಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ತಾಗಿಸಿ ಬೋರ್ಡನ್ನೂ ಕರಿ ಬಿಲ್ಲೆಯನ್ನೂ ಹಗುರವಾಗಿ ಒರೆಸಿ. ಕರಿ ಬಿಲ್ಲೆಯನ್ನು ಉಜ್ಜಬೇಡಿ, ಬಣ್ಣ ಕಿತ್ತು ಬಂದರೆ ಆ ಬಟನ್ ಮತ್ತೆ ಸರಿಯಾಗುವುದಿಲ್ಲ. ಪೂರ್ತಿ ಒಣಗಿದ ಮೇಲೆ ಜೋಡಿಸಿ, 2 + 3 × 4 ಒತ್ತಿ ನೋಡಿ. 20 ಬಂದರೆ ಮೇಜಿಗೆ ವಾಪಸ್ ಇಡಿ.